ಕಾಗದದ ಮೇಲೆ ಅಕ್ಕ

ಈ ದೇಶದ ವಲಸೆ ಕಾನೂನು ನನ್ನ ತಾಯಿ ಪಾಸಿಂಗ್‌ಗೆ ಪ್ರಾರ್ಥನೆಯಷ್ಟೇ ಬಾಯಿಪಾಠ. ನಾನು ಕರೆಸಿಕೊಂಡಾಗ ಅವಳೂ ಅದೇ ಕಾನೂನಿನ ಬಾಗಿಲಿನಿಂದ ಒಳಗೆ ಬಂದವಳು. ಮಕ್ಕಳು ತಂದೆತಾಯಿಯನ್ನು ಕರೆಸಿಕೊಳ್ಳಬಹುದು, ಅಜ್ಜ ಅಜ್ಜಿಯನ್ನು ಕರೆಸಿಕೊಳ್ಳಬಹುದು, ಒಡಹುಟ್ಟಿದವರನ್ನು ಮಾತ್ರ ಇಲ್ಲ. ತನ್ನ ತಂಗಿ ಲುಮಿಂಗ್‌ಳನ್ನು ಕರೆಸಲು ಎರಡು ವರ್ಷ ಓಡಾಡಿ ಸೋತ ಮೇಲೆ ಅವಳು ವಿನಿಪೆಗ್‌ನಲ್ಲಿರುವ ನಮ್ಮ ಜನಕ್ಕೆಲ್ಲ ಪುಕ್ಕಟೆ ವಕೀಲೆಯಾಗಿಬಿಟ್ಟಳು. ಚರ್ಚಿನ ಮೆಟ್ಟಿಲ ಮೇಲೆ ಯಾರಾದರೂ ತಮ್ಮ ಅಣ್ಣನ ವಿಷಯ ತೆಗೆದರೆ ಸಾಕು, "ಆಗಲ್ಲ" ಎಂದು ಅಲ್ಲೇ ತೀರ್ಪು ಕೊಟ್ಟುಬಿಡುತ್ತಾಳೆ.

ಮೇ ತಿಂಗಳ ಒಂದು ಗುರುವಾರ ನಾವು ನಾಲ್ವರೂ ಊಟಕ್ಕೆ ಕೂತಿದ್ದೆವು. ಹುಣಸೆ ಹುಳಿಯ ಮೀನಿನ ಸಾರು, ಅನ್ನ, ಕರಿದ ಒಣಮೀನು. ನನ್ನ ಹೆಂಡತಿ ರೋವೆನಾ ಫೋನು ನೋಡುತ್ತಿದ್ದವಳು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಚೀಟಿ ಎದ್ದಿದೆ" ಅಂದಳು.

ತಂದೆತಾಯಿಯನ್ನು ಕರೆಸಬೇಕೆನ್ನುವವರು ಇಲ್ಲಿ ಲಕ್ಷ ಜನ. ಇಲಾಖೆಯವರು ಆ ರಾಶಿಯಿಂದ ವರ್ಷಕ್ಕಿಷ್ಟು ಎಂದು ಹೆಸರು ಎತ್ತುತ್ತಾರೆ. ರೋವೆನಾ ನಾಲ್ಕು ವರ್ಷದ ಹಿಂದೆ ನನ್ನೊಬ್ಬನಿಗೆ ಹೇಳಿ ಹೆಸರು ಹಾಕಿದ್ದಳು. ಬರುವುದಿಲ್ಲ ಎಂದು ಇಬ್ಬರೂ ಮರೆತಿದ್ದೆವು, ಅಥವಾ ನಾನು ಮರೆತಿದ್ದೆ.

ನಮ್ಮ ಮಗಳು ಅಲಿಸಾ ಫೋನು ಕಿತ್ತುಕೊಂಡು ಓದಿದಳು. ಅವಳಿಗೆ ಹದಿನೈದು ವರ್ಷ, ಮನೆಯ ಇಂಗ್ಲಿಷು ಕಾಗದಗಳೆಲ್ಲ ಅವಳದೇ ಸುಪರ್ದು. "ಅರವತ್ತು ದಿನದೊಳಗೆ ಅರ್ಜಿ ಕಳಿಸ್ಬೇಕಂತೆ. ಇಲ್ಲಾಂದ್ರೆ ಹೋಯ್ತು."

"ಯಾರನ್ನ ಕರೆಸ್ತೀಯ?" ಅಂದಳು ಅಮ್ಮ. "ನಿಮ್ಮಮ್ಮ ತೀರ್ಕೊಂಡು ಒಂಬತ್ತು ವರ್ಷ ಆಯ್ತಲ್ಲ."

"ಫೆಲಿಂಗ್‌ನ."

"ನಿಮ್ಮಕ್ಕನ್ನಾ?" ಅಮ್ಮನಿಗೆ ನಗು ಬಂತು. "ಅಕ್ಕ ಆಗಲ್ಲ ಕಣೇ. ಲುಮಿಂಗ್ ವಿಷಯದಲ್ಲಿ ನಾನು ಹತ್ತದ ಮೆಟ್ಟಿಲಿಲ್ಲ. ನನ್ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."

"ಅತ್ತೆ, ಅವಳು ನನ್ನ ಅಕ್ಕ ಅಲ್ಲ."

"ಮತ್ತೆ?"

"ಅವಳೇ ನನ್ನನ್ನ ಹೆತ್ತಿದ್ದು."

ಅಮ್ಮ ರೋವೆನಾಳನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಅವಳ ಕಣ್ಣು ಯಾವಾಗಲೂ ಸರಿಯಾದ ಕಳ್ಳನ ಮೇಲೇ ಬೀಳುತ್ತದೆ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಅಲಿಸಾ ಹುಟ್ಟಿದಾಗಿಂದ."

"ಹದಿನೈದು ವರ್ಷ" ಅಂದಳು ಅಮ್ಮ. ತಟ್ಟೆ ಎತ್ತಿಕೊಂಡು ನೆಲಮಾಳಿಗೆಯ ತನ್ನ ಕೋಣೆಗೆ ಇಳಿದು ಹೋದಳು. ಅನ್ನ ಬಿಟ್ಟು ಎದ್ದವಳಲ್ಲ, ತಟ್ಟೆ ಸಮೇತ ಹೋದಳು.

ಮನಿಲಾದ ಆಚೆ, ಕಡಲ ದಂಡೆಯ ನಮ್ಮ ಇಲೋಯಿಲೋ ಕಡೆ ಇದು ಹೊಸದೇನಲ್ಲ. ಹದಿನೇಳರ ಹುಡುಗಿ ಬಸುರಾದಳು, ಹುಡುಗ ಹಡಗಿನ ಕೆಲಸಕ್ಕೆ ಹೋದವನು ಹಿಂತಿರುಗಲಿಲ್ಲ. ಹುಡುಗಿಯ ತಾಯಿ ಕಾಂಡೆಲಾರಿಯಾ ನಾಲ್ಕು ತಿಂಗಳು ತಾನೇ ಬಸುರಿ ಎಂಬಂತೆ ಸಡಿಲ ಅಂಗಿ ತೊಟ್ಟು ಓಡಾಡಿದಳು. ಕೂಸು ಹುಟ್ಟಿದ ವಾರಕ್ಕೆ ಪುರಸಭೆಯ ಗುಮಾಸ್ತನ ಮುಂದೆ ಕೂತು, ಇದು ನನ್ನದೇ ಎಂದು ಬರೆಸಿದಳು. ಗುಮಾಸ್ತ ಅವರ ಕುಟುಂಬದ ಜ್ಞಾನಪಿತ, ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತವನು. ಕಣ್ಣು ಕೂಡ ಮಿಟುಕಿಸದೆ ಬರೆದುಕೊಂಡ. ಹೀಗೆ ರೋವೆನಾ ತನ್ನ ತಾಯಿಗೆ ತಂಗಿಯಾದಳು. ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಪಕ್ಕದ ಮನೆಯವಳು ನೀರಿನ ಜಗಳದಲ್ಲಿ ಅದನ್ನು ಬಾಯಿಬಿಟ್ಟಳು. ರೋವೆನಾ ಮನೆಗೆ ಬಂದು ಕೇಳಿದಳು. ಕಾಂಡೆಲಾರಿಯಾ ಒಂದು ಏಟು ಹಾಕಿ, ಆಮೇಲೆ ಕೂರಿಸಿ ಅನ್ನ ಬಡಿಸಿದಳು. ಅಲ್ಲಿಗೆ ಮಾತು ಮುಗಿಯಿತು. ಫೆಲಿಂಗ್ ಮತ್ತು ರೋವೆನಾ ನಡುವೆ ಆ ವಿಷಯ ಅಂದಿನಿಂದ ಒಮ್ಮೆಯೂ ಬಂದದ್ದಿಲ್ಲ.

ಅಮ್ಮ ಹೋದ ಮೇಲೆ ಅಲಿಸಾ ಬೆರಳು ಮಡಿಸಿ ಲೆಕ್ಕ ಹಾಕಿದಳು.

"ಹಾಗಾದ್ರೆ ಫೆಲಿಂಗ್ ದೊಡ್ಡಮ್ಮ ನನಗೆ ಅಜ್ಜಿನಾ?"

"ಹೂಂ."

"ಕಾಂಡೆಲಾರಿಯಾ ಅಜ್ಜಿ ಮುತ್ತಜ್ಜಿನಾ?"

"ಹೂಂ."

"ಶಾಲೇಲಿ ವಂಶವೃಕ್ಷ ಬರ್ದು ಕೊಟ್ಟಿದ್ದೆ ಅಪ್ಪ. ಪೂರ್ತಿ ಅಂಕ ಬಂದಿತ್ತು."

ರೋವೆನಾ ನಕ್ಕಳು. ಆ ವಾರ ಅವಳು ನಕ್ಕಿದ್ದು ಅಷ್ಟೇ.

ಮೂರು ದಿನ ಅಮ್ಮ ನಮ್ಮ ಜೊತೆ ಮಾತಾಡಲಿಲ್ಲ. ಒಂದೇ ಒಲೆಯ ಮೇಲೆ ತನಗೆ ಬೇರೆ ಸಾರು, ನಮಗೆ ಬೇರೆ ಸಾರು. ನಮ್ಮದಕ್ಕೆ ಉಪ್ಪು ಹಾಕುತ್ತಿರಲಿಲ್ಲ. ಭಾನುವಾರ ಮೀನು ಶುಚಿ ಮಾಡುತ್ತ ನಿಂತವಳ ಪಕ್ಕಕ್ಕೆ ಹೋಗಿ ನಿಂತೆ.

"ಅಮ್ಮ, ಬಯ್ಯೋದಾದ್ರೆ ಬಯ್ದುಬಿಡು."

ಅವಳು ಮೀನಿನ ಹೊಟ್ಟೆ ಸೀಳಿದಳು. "ಊರಲ್ಲಿ ಆದ ನಿಮ್ಮ ಮದುವೇಲಿ ಅವಳ ಕೈಲಿ ನಾನು ಹಂದಿ ಕರುಳು ತೊಳಿಸ್ದೆ."

"ಯಾರ ಕೈಲಿ?"

"ಇನ್ಯಾರ ಕೈಲಿ, ಫೆಲಿಂಗ್ ಕೈಲಿ. ಮದುವೆಯಾಗದ ಅಕ್ಕ, ಸುಮ್ನೆ ನಿಂತಿದ್ದಾಳೆ, ಅಡುಗೆಮನೆಗೆ ನಡಿ ಅಂದೆ. ಆರತಕ್ಷತೆ ಮುಗಿಯೋವರೆಗೂ ಪಾತ್ರೆ ಬೆಳಗಿಸ್ದೆ. ಹೆಣ್ಣು ಹೆತ್ತವಳ ಕೈಲಿ. ಅವಳು ಒಂದು ಮಾತಾಡ್ಲಿಲ್ಲ."

"ನಿನಗೆ ಗೊತ್ತಿರ್ಲಿಲ್ಲವಲ್ಲ."

"ನಿನಗೆ ಗೊತ್ತಾಯ್ತಲ್ಲ ಆಮೇಲೆ. ವರ್ಷಕ್ಕೆರಡು ಸಲ ಊರಿಗೆ ಪೆಟ್ಟಿಗೆ ಕಳಿಸ್ತೀವಿ. ಲುಮಿಂಗ್‌ಗೆ ಟವೆಲ್ಲು, ನಿನ್ನ ಸೋದರಮಾವಂಗೆ ಶೂ. ಫೆಲಿಂಗ್‌ಗೆ ಒಂದು ಸೋಪು. ಒಂದೇ ಒಂದು ಸೋಪು ಕಣೋ. ನೀನು ಟೇಪು ಹಿಡ್ಕೊಂಡು ನೋಡ್ತಾ ನಿಂತಿರ್ತಿದ್ದೆ."

ಮೀನಿನ ಹುರುಪೆ ನನ್ನ ಅಂಗಿಗೂ ಸಿಡಿಯಿತು. ಅಂದು ಸಂಜೆಯ ಸಾರಿಗೆ ಉಪ್ಪು ಬಿತ್ತು, ಮಾತು ಮಾತ್ರ ಬರಲಿಲ್ಲ.

ಎರಡನೆಯ ವಾರ ನಾನೂ ರೋವೆನಾಳೂ ದೆಲ್ಫಿನಾ ಎಂಬ ನಮ್ಮವಳೇ ಒಬ್ಬಳ ಹತ್ತಿರ ಹೋದೆವು. ಬೇಕರಿಯ ಮೇಲಿನ ಒಂದು ಕೋಣೆಯಲ್ಲಿ ಕೂತು ಇಂಥ ಅರ್ಜಿಗಳನ್ನು ತುಂಬಿಕೊಡುವವಳು. ಆದಾಯದ ಕಾಗದ ನೋಡಿದಳು, ಸರಿ ಅಂದಳು. ನಾನು ಬಸ್ಸು ಜೋಡಿಸುವ ಕಾರ್ಖಾನೆಯಲ್ಲಿ, ರೋವೆನಾ ವೃದ್ಧಾಶ್ರಮದಲ್ಲಿ, ಮೂರು ವರ್ಷದ ಗಳಿಕೆ ಸಾಲುತ್ತಿತ್ತು. ಆಮೇಲೆ ಜನನ ಪತ್ರ ನೋಡಿದಳು. ಕನ್ನಡಕ ತೆಗೆದಿಟ್ಟಳು.

ರೋವೆನಾ ಎಲ್ಲ ಹೇಳಿದಳು. ದೆಲ್ಫಿನಾ ಅಚ್ಚರಿಪಡಲಿಲ್ಲ. ಆ ಕುರ್ಚಿಯಲ್ಲಿ ಕೂತು ಇಂಥದ್ದನ್ನು ಹೇಳಿದವರಲ್ಲಿ ಇವಳು ಮೊದಲನೆಯವಳಲ್ಲ ಎಂದು ಕಂಡಿತು.

"ಇಪ್ಪತ್ತು ವರ್ಷದ ಹಿಂದೆ ನೀನು ಇಲ್ಲಿಗೆ ಬರೋವಾಗ ತುಂಬಿದ ಅರ್ಜೀಲಿ ಏನಿದೆ?"

"ತಾಯಿ ಕಾಂಡೆಲಾರಿಯಾ. ಅಕ್ಕ ಫೆಲಿಸಿದಾದ್, ಅಂದ್ರೆ ಫೆಲಿಂಗ್."

"ಈಗ ಅಕ್ಕ ತಾಯಿ ಆಗಿದ್ದಾಳೆ. ಓದೋ ಅಧಿಕಾರಿ ಏನಂದ್ಕೊಳ್ತಾನೆ? ಅಕ್ಕನ್ನ ಒಳಗೆ ತೂರಿಸೋಕೆ ಇವಳು ಅಮ್ಮನ ವೇಷ ಹಾಕಿಸಿದ್ದಾಳೆ ಅಂತ."

"ನಿಜ ಬರ್ದ್ರೆ?"

"ನಿಜ ಬರ್ದ್ರೆ ಅವತ್ತು ನೀನು ಬರ್ದಿದ್ದು ಸುಳ್ಳು ಅಂತಾಗುತ್ತೆ."

ರೋವೆನಾ ಕೈಚೀಲವನ್ನು ಮಡಿಲಿಗೆಳೆದುಕೊಂಡಳು. "ನನ್ನ ಪೌರತ್ವಕ್ಕೇ ಕುತ್ತು ಬರುತ್ತಾ?"

"ಬರಲ್ಲ ಅಂತ ನಾನು ಬರ್ದು ಕೊಡಲ್ಲಮ್ಮ. ನನಗನ್ನಿಸೋ ಮಟ್ಟಿಗೆ ಬರಲ್ಲ. ನಿನ್ನ ಕೈಲಿದ್ದ ಸರ್ಕಾರಿ ಕಾಗದದಲ್ಲಿ ಏನಿತ್ತೋ ಅದನ್ನೇ ಬರ್ದಿದ್ದೀಯ. ಆದ್ರೆ ಹೇಳೋದಾದ್ರೆ ಪೂರ್ತಿ ಹೇಳು, ಅರ್ಧ ಹೇಳ್ಬೇಡ. ಮೊದಲು ನಿನ್ನ ತಾಯಿ ಒಂದು ಅಫಿಡವಿಟ್ಟು ಮಾಡಿಸ್ಬೇಕು. ಇವಳನ್ನ ಹೆತ್ತವಳು ನಾನು, ನನ್ನ ತಾಯಿ ಬರೆಸಿದ್ದು ಸರಿಯಲ್ಲ ಅಂತ ನೋಟರಿ ಮುಂದೆ ಸಹಿ. ಅದಿಲ್ದೆ ಅರ್ಜಿ ಹಾಕೋದು ವ್ಯರ್ಥ. ರಕ್ತಸಂಬಂಧದ ಪರೀಕ್ಷೆನ ಅವರೇ ಆಮೇಲೆ ಕೇಳ್ತಾರೆ."

ಮನೆಗೆ ಬರುವಾಗ ಬಸ್ಸಿನಲ್ಲಿ ರೋವೆನಾ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. "ಪರೀಕ್ಷೆ ಸುಲಭ" ಎಂದಳು ಕೊನೆಗೆ. "ಸಹಿ ಕಷ್ಟ."

ಅವಳಿಗೆ ತಾಯಿಯ ಸ್ವಭಾವ ಗೊತ್ತಿತ್ತು. ನಮ್ಮ ಭಾನುವಾರ ಸಂಜೆ ಎಂದರೆ ಅಲ್ಲಿ ಸೋಮವಾರ ಬೆಳಿಗ್ಗೆ, ಫೆಲಿಂಗ್ ತನ್ನ ಪುಟ್ಟ ಅಂಗಡಿ ತೆರೆಯುವ ಹೊತ್ತು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ರೋವೆನಾ ಮಾತಾಡಿದಳು. ಅಲ್ಲಿಂದ ಫೆಲಿಂಗ್‌ಳ ಹಣೆ, ಅರ್ಧ ಕನ್ನಡಕ, ಹಿಂದೆ ನೇತಾಡುವ ಶಾಂಪೂ ಪೊಟ್ಟಣಗಳು ಕಾಣುತ್ತಿದ್ದವು.

"ಅಕ್ಕ, ಚೀಟಿ ಎದ್ದಿದೆ. ನೀನು ಒಂದು ಕಾಗದಕ್ಕೆ ಸಹಿ ಹಾಕ್ಬೇಕು."

ಕಾಗದದಲ್ಲಿ ಏನಿರುತ್ತದೆ ಎಂದು ಕೇಳಿದ ಮೇಲೆ ಹಣೆ ಪರದೆಯಿಂದ ಮರೆಯಾಯಿತು. ಮಾತು ಮಾತ್ರ ಬಂತು.

"ಇಲ್ಲಿ ನೋಟರಿ ಯಾರು ಅಂತ ಗೊತ್ತಲ್ಲ ನಿನಗೆ. ಅವನ ಹೆಂಡ್ತಿಗೆ ಪ್ರಾರ್ಥನೆ ಹೇಳಿಕೊಟ್ಟಿದ್ದೇ ನಾನು. ಮೂವತ್ತು ವರ್ಷ ಆಯ್ತು, ಮೇ ತಿಂಗಳಲ್ಲಿ ಚರ್ಚಲ್ಲಿ ಮಾತೆಗೆ ಹೂವು ಹಾಕೋ ಹುಡುಗೀರಿಗೆಲ್ಲ ನಾನೇ ಕಲಿಸೋದು. ಬೆಳಿಗ್ಗೆ ಸಹಿ ಹಾಕಿದ್ರೆ ಸಂಜೆ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತೆ."

"ಅರ್ಧ ಊರಿಗೆ ಗೊತ್ತೇ ಇದೆ ಅಕ್ಕ."

"ಗೊತ್ತಿರೋದು ಬೇರೆ, ಬರ್ದು ಕೊಡೋದು ಬೇರೆ. ಅಮ್ಮ ಸರ್ಕಾರಿ ಪುಸ್ತಕದಲ್ಲಿ ಸುಳ್ಳು ಬರೆಸಿದ್ದು ನನಗೋಸ್ಕರ. ಸಿಕ್ಕಿಬಿದ್ದಿದ್ರೆ ಜೈಲಿಗೆ ಹೋಗ್ತಿದ್ಲು. ಈಗ ಅವಳು ಸುಳ್ಳು ಹೇಳಿದ್ಲು ಅಂತ ನಾನು ಸಹಿ ಹಾಕ್ಲಾ? ಸತ್ತವಳ ಮೇಲೆ?"

"ಹಾಗಾದ್ರೆ ನೀನು ಬರೋದು ಬೇಡ."

"ಬೇಡ."

"ನಿನಗೆ ಊರು ಬೇಕು, ನಾನು ಬೇಡ. ಯಾವತ್ತೂ ಬೇಡ."

ಫೋನು ಕಟ್ಟಾಯಿತು. ಯಾರು ಕಟ್ ಮಾಡಿದರು ಎಂದು ತಿಳಿಯಲಿಲ್ಲ. ಅರವತ್ತರಲ್ಲಿ ಹದಿನೇಳು ದಿನ ಕಳೆದಿತ್ತು.

ಆಮೇಲಿನ ಎರಡು ವಾರ ನಮ್ಮ ಮನೆಯಲ್ಲಿ ಬಾಗಿಲು ಕೂಡ ಮೆತ್ತಗೆ ಮುಚ್ಚಲಿಲ್ಲ. ರೋವೆನಾ ಕೆಲಸದಿಂದ ಬಂದು ಬಟ್ಟೆ ಒಗೆಯುವ ಯಂತ್ರಕ್ಕೂ ಬಯ್ಯುತ್ತಿದ್ದಳು. ಒಂದು ಸಂಜೆ ಅಲಿಸಾ, "ನನ್ನ ರೂಮು ಕೊಡೋದೋ ಬೇಡ್ವೋ ಹೇಳಿಬಿಡಿ. ಪೋಸ್ಟರ್ ತೆಗೀಬೇಕು" ಎಂದಳು. ಕೇಳಿದ್ದು ತಪ್ಪಲ್ಲ. ಹೊತ್ತು ಸರಿ ಇರಲಿಲ್ಲ.

"ಯಾರೂ ಬರಲ್ಲ. ನಿನ್ನ ರೂಮು ನೀನೇ ಇಟ್ಕೋ" ಅಂದಳು ರೋವೆನಾ.

"ನಾನು ಹಾಗೆ ಹೇಳ್ಲಿಲ್ಲ."

"ಸಮಾಧಾನ ಮಾಡ್ಕೋ" ಎಂದು ನಾನು ಬಾಯಿ ಹಾಕಿದೆ. ಹಾಕಬಾರದಿತ್ತು.

"ಏನು ಸಮಾಧಾನ? ದಿನಕ್ಕೆ ಎಂಟು ಜನ ಮುದುಕಿಯರಿಗೆ ಸ್ನಾನ ಮಾಡಿಸ್ತೀನಿ ನಾನು. ಎಂಟು ಜನರ ಉಗುರು ಕತ್ತರಿಸ್ತೀನಿ, ತಲೆ ಬಾಚ್ತೀನಿ. ಅವರ ಮಕ್ಕಳು ಕ್ರಿಸ್‌ಮಸ್‌ಗೆ ಬಂದು ನನಗೆ ಚಾಕೊಲೇಟ್ ಕೊಟ್ಟು ಹೋಗ್ತಾರೆ. ನನ್ನನ್ನ ಹೆತ್ತವಳು ಹೋದ ವರ್ಷ ಪಂಪಿನ ಹತ್ರ ಕಾಲು ಜಾರಿ ಬಿದ್ದಿದ್ಲು. ಬೆಳಿಗ್ಗೆ ಬಿದ್ದವಳು ಮಧ್ಯಾಹ್ನದವರೆಗೆ ಅಲ್ಲೇ. ವಿನೆಗರ್ ಕೊಳ್ಳೋಕೆ ಬಂದ ಒಂದು ಹುಡುಗಿ ನೋಡಿದ್ಲು. ಆ ಹುಡುಗಿ ಮನೇಲಿ ಅವತ್ತು ವಿನೆಗರ್ ಖಾಲಿ ಆಗಿರದೇ ಇದ್ದಿದ್ರೆ?"

ಅಲಿಸಾ ಎದ್ದು ಹೋಗಿ ತಾಯಿಯನ್ನು ಹಿಂದಿನಿಂದ ಅಪ್ಪಿಕೊಂಡಳು. ನೆಲಮಾಳಿಗೆಯ ಮೆಟ್ಟಿಲ ಮೇಲೆ ಒಗೆದ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ ಅಮ್ಮನನ್ನು ನಾನು ಆಗ ನೋಡಿದೆ. ಎಲ್ಲ ಕೇಳಿಸಿಕೊಂಡಿದ್ದಳು. ಬುಟ್ಟಿ ಇಟ್ಟು ಕೆಳಗೆ ಹೋದಳು.

ಊರಿಗೆ ಕಳಿಸುವ ಪೆಟ್ಟಿಗೆ ನಮ್ಮ ನಡುಮನೆಯಲ್ಲಿ ಬಾಯಿ ತೆರೆದುಕೊಂಡು ತಿಂಗಳುಗಟ್ಟಲೆ ಕೂತಿರುತ್ತದೆ. ಅಗ್ಗಕ್ಕೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ಹಾಕುತ್ತ ಹೋಗುವುದು, ತುಂಬಿದಾಗ ಟೇಪು ಸುತ್ತಿ ಹಡಗಿಗೆ ಕೊಡುವುದು. ಮರುದಿನ ನಾನು ಅದನ್ನು ಪಕ್ಕಕ್ಕೆ ಸರಿಸಲು ಹೋದೆ. ಮೇಲೆ ಎರಡು ದಪ್ಪ ಟವೆಲ್ಲು, ಮಂಡಿನೋವಿನ ಮುಲಾಮು, ಬಾದಾಮಿ ಹಾಕಿದ ಚಾಕೊಲೇಟು, ಜಾರದ ಅಟ್ಟೆಯ ಚಪ್ಪಲಿ. ಎಲ್ಲದರ ಮೇಲೂ ಅಮ್ಮನ ವಕ್ರ ಅಕ್ಷರದಲ್ಲಿ ಫೆಲಿಂಗ್ ಎಂದು ಬರೆದಿತ್ತು. ಲುಮಿಂಗ್‌ಗೆ ಈ ಸಲ ಸೋಪು.

ಶನಿವಾರ ಬೆಳಿಗ್ಗೆ ಅಮ್ಮ ತಲೆ ಬಾಚಿ, ಚರ್ಚಿಗೆ ಹೋಗುವ ಅಂಗಿ ತೊಟ್ಟು ಅಡುಗೆಮನೆಗೆ ಬಂದಳು.

"ಫೋನ್ ಹಚ್ಚು" ಅಂದಳು ನನಗೆ. "ಅವಳಿಗೆ."

ರೋವೆನಾ ಮೊಟ್ಟೆ ಒಡೆಯುತ್ತಿದ್ದಳು. "ಅತ್ತೆ, ಬೇಡಿ. ಅವಳಿಗೆ ಬಯ್ಬೇಡಿ."

"ನಿನ್ನನ್ನ ಕೇಳ್ಲಿಲ್ಲ. ಮೊಟ್ಟೆ ನೋಡ್ಕೋ."

ನಾನು ಹಚ್ಚಿಕೊಟ್ಟೆ. ಮುಖ ಕಾಣುವ ಕರೆಯಾದರೂ ಅಮ್ಮ ಫೋನನ್ನು ಕಿವಿಗೇ ಒತ್ತಿಕೊಂಡಳು. ಹಾಗಾಗಿ ಫೆಲಿಂಗ್‌ಗೆ ಕಂಡದ್ದು ನನ್ನ ತಾಯಿಯ ಕಿವಿ ಮಾತ್ರ. ಧ್ವನಿ ಜೋರಿದ್ದುದರಿಂದ ನಮಗೆಲ್ಲ ಕೇಳುತ್ತಿತ್ತು.

"ಬೀಗಿತ್ತಿ, ನಾನು ಪಾಸಿಂಗ್."

ಹದಿನೆಂಟು ವರ್ಷ ಅವಳನ್ನು ಬರೀ 'ಫೆಲಿಂಗ್', 'ನೀನು' ಎಂದು ಕರೆದ ಬಾಯಿ ಅದು.

"ಬೀಗಿತ್ತಿ, ಕೇಳಿಸ್ತಾ ಇದೆಯಾ ನಿಮಗೆ?"

"ಯಾರ ಜೊತೆ ಮಾತಾಡ್ತಿದ್ದೀರಾ?" ಅಂದಳು ಫೆಲಿಂಗ್.

"ನಿಮ್ಮ ಜೊತೇನೇ. ನನ್ನ ಮಗನಿಗೆ ಹೆಣ್ಣು ಕೊಟ್ಟವರು ನೀವು. ಹೀಗೆ ಕರೆಯೋದು ಹದಿನೆಂಟು ವರ್ಷ ತಡ ಆಯ್ತು. ಅದು ನನ್ನ ತಪ್ಪಲ್ಲ, ನಿಮ್ಮದು. ಅದರ ಜಗಳ ಆಮೇಲೆ ಇಟ್ಕೊಳ್ಳೋಣ."

"ಹಾಗೆ ಕರೀಬೇಡಿ. ಯಾರಾದ್ರೂ ಕೇಳಿಸ್ಕೊಂಡಾರು."

"ಅಂಗಡಿ ಬಾಗಿಲು ಹಾಕಿ."

"ಹಾಕಿದ್ದೀನಿ."

"ಮತ್ತೆ ಯಾರು ಕೇಳಿಸ್ಕೊಳ್ತಾರೆ? ಅಳಬೇಡಿ, ನನಗೂ ಅಳು ಬರುತ್ತೆ, ಇವರೆಲ್ಲ ನೋಡ್ತಿದ್ದಾರೆ. ಮದುವೇಲಿ ನಿಮ್ಮ ಕೈಲಿ ಕರುಳು ತೊಳಿಸ್ದೆ ನಾನು. ಯಾಕೆ ಸುಮ್ನಿದ್ರಿ?"

ಫೆಲಿಂಗ್ ಹೇಳಿದಳು. "ನನ್ನ ಮಗಳ ಮದುವೆ ಕೆಲಸ. ಯಾರು ಮಾಡಿದ್ರೇನು ಅನ್ಕೊಂಡೆ."

ರೋವೆನಾಳ ಕೈಯಲ್ಲಿ ಮೊಟ್ಟೆ ಹಾಗೇ ಇತ್ತು. ಆ ಬಾಯಿಂದ ಮಗಳು ಎಂಬ ಮಾತನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ. ನಾನು ಒಲೆ ಆರಿಸಿದೆ.

"ನಿಮ್ಮ ತಾಯಿ ವಿಷಯ ಹೇಳ್ತೀನಿ, ಕೇಳಿ" ಎಂದು ಅಮ್ಮ ಮುಂದುವರಿಸಿದಳು. ಅವಳ ವಕೀಲಿಕೆ ಈಗ ಶುರುವಾಗಿತ್ತು. "ಕೂಸನ್ನ ಅವರು ಯಾರಿಗಾದ್ರೂ ಕೊಟ್ಟುಬಿಡಬಹುದಿತ್ತು. ಮಕ್ಕಳಿಲ್ಲದವರು ಬೇಕಾದಷ್ಟು ಜನ ಇದ್ರು. ಕೊಡ್ಲಿಲ್ಲ. ನಿಮ್ಮ ಕಣ್ಣೆದುರಿಗೇ ಇರ್ಲಿ ಅಂತ ಸುಳ್ಳು ಬರೆಸಿದ್ರು. ಈಗ ಆ ಕಾಗದವೇ ನಿಮ್ಮಿಬ್ಬರನ್ನ ದೂರ ಇಟ್ರೆ, ಅವರು ಅದನ್ನ ಜೋಪಾನ ಮಾಡು ಅಂತಾರಾ? ಒಲೆಗೆ ಹಾಕು ಅಂತಾರೆ."

"ಇಲ್ಲಿ ನೋಟರಿ..."

"ನಿಮ್ಮೂರ ನೋಟರಿ ಯಾಕೆ? ದೋಣಿ ಹತ್ತಿ ಎದುರು ದ್ವೀಪದ ಬಾಕೊಲೋಡಿಗೆ ಹೋಗಿ. ಒಂದು ಗಂಟೆ ದಾರಿ. ಅಲ್ಲಿ ನಿಮ್ಮನ್ನ ಬಲ್ಲವರು ಯಾರು? ನನ್ನ ತಂಗಿ ಲುಮಿಂಗ್ ಜೊತೆಗೆ ಬರ್ತಾಳೆ. ಅವಳಿಗೆ ಆಸ್ತಿ ಕಾಗದ ಅಂತ ಹೇಳ್ತೀನಿ."

"ಇನ್ನೊಂದು ಸುಳ್ಳಾ?"

"ಚಿಕ್ಕದು."

ಫೆಲಿಂಗ್ ಮೂಗು ಒರೆಸಿಕೊಂಡ ಸದ್ದು ಕೇಳಿತು. ಆಮೇಲೆ ಅವಳು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ಅಲ್ಲಿ ಅಡುಗೆ ಯಾರು ಮಾಡ್ತಾರೆ?" ಎಂದು ಕೇಳಿದಳು.

"ನಾನು."

"ಹಾಗಾದ್ರೆ ಜಗಳ ಆಗುತ್ತೆ."

"ಆಗ್ಲಿ" ಅಂದಳು ಅಮ್ಮ. ಫೋನನ್ನು ನನ್ನ ಕೈಗೆ ತುರುಕಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊಟ್ಟೆ ತಿನ್ನಲು ಅವಳು ಬಂದದ್ದು ಅರ್ಧ ಗಂಟೆ ಬಿಟ್ಟು.

ಬಾಕೊಲೋಡಿನ ಕೆಲಸ ಮರುವಾರವೇ ಆಯಿತು. ಸಂಜೆ ಲುಮಿಂಗ್ ಚಿಕ್ಕಮ್ಮ ಫೋನು ಮಾಡಿ ಅಮ್ಮನನ್ನು ತರಾಟೆಗೆ ತೆಗೆದುಕೊಂಡಳು.

"ಆಸ್ತಿ ಕಾಗದ ಅಂದ್ಯಲ್ಲ ಅಕ್ಕ. ನೋಟರಿ ಜೋರಾಗಿ ಓದಿದ. ನನಗೆಲ್ಲ ಗೊತ್ತಾಯ್ತು."

"ಬಾಯಿ ಮುಚ್ಕೊಂಡಿರು."

"ಮುಚ್ಕೊಂಡೇ ಇದ್ದೀನಿ. ಆಯಮ್ಮ ಸಹಿ ಹಾಕೋವಾಗ ಪೆನ್ನು ಕೆಳಗೆ ಬಿತ್ತು. ಆಮೇಲೆ ಇಬ್ರೂ ಹೋಗಿ ಸುಟ್ಟ ಕೋಳಿ ತಿಂದ್ವಿ. ಎರಡು ಸಲ ಅನ್ನ ಹಾಕಿಸ್ಕೊಂಡ್ಲು."

ಐವತ್ನಾಲ್ಕನೆಯ ದಿನ ಅರ್ಜಿ ಹೋಯಿತು. ಅಲಿಸಾ ಗುಂಡಿ ಒತ್ತಿದಳು. ಅಮ್ಮ ಶಿಲುಬೆ ಗುರುತು ಮಾಡಿಕೊಂಡಳು.

ಆಮೇಲಿನದು ಕಾಯುವ ಕೆಲಸ. ಎಲೆ ಉದುರಿತು, ಹಿಮ ಬಿತ್ತು. ಜನವರಿಯಲ್ಲಿ ಇಲಾಖೆಯಿಂದ ಪತ್ರ ಬಂತು. ಹಿಂದಿನ ಅರ್ಜಿಯಲ್ಲಿ ಈಕೆಯನ್ನು ಅಕ್ಕ ಎಂದು ತೋರಿಸಿದ್ದೇಕೆ, ಮೂವತ್ತು ದಿನದೊಳಗೆ ವಿವರಣೆ ಕೊಡಿ. ರೋವೆನಾ ಆ ಪತ್ರವನ್ನು ಮೂರು ದಿನ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದಳು. ಅಕ್ಕಿ ತೆಗೆಯಲು ಹೋದವರೆಲ್ಲ ಅದನ್ನು ಎತ್ತಿ ಮತ್ತೆ ಅಲ್ಲೇ ಇಡುತ್ತಿದ್ದೆವು. ಅಲಿಸಾ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆ ಎಂದಳು. ರೋವೆನಾ ಬೇಡವೆಂದು ತಾನೇ ಕೂತು ನಾಲ್ಕು ಸಾಲು ಬರೆದಳು. ನನಗೆ ಅವಳನ್ನು ಅಕ್ಕ ಎಂದು ಕರೆಯಲು ಕಲಿಸಿದ್ದರು. ಹನ್ನೆರಡು ವರ್ಷದವಳಿದ್ದಾಗ ನಿಜ ತಿಳಿಯಿತು. ಕಾಗದದಲ್ಲಿ ಅಕ್ಕ ಎಂದೇ ಇದ್ದುದರಿಂದ ಅರ್ಜಿಯಲ್ಲೂ ಹಾಗೇ ಬರೆದೆ. ಅದು ತಪ್ಪು, ಈಗ ಸರಿಪಡಿಸುತ್ತಿದ್ದೇನೆ.

ಉತ್ತರವಾಗಿ ಪರೀಕ್ಷೆ ಮಾಡಿಸಿ ಎಂದು ಬಂತು. ಇಲ್ಲಿ ಒಬ್ಬಳು ನರ್ಸು ರೋವೆನಾಳ ಕೆನ್ನೆಯೊಳಗೆ ಹತ್ತಿ ಕಡ್ಡಿ ಆಡಿಸಿದಳು, ಅಲ್ಲಿ ಇನ್ನೊಬ್ಬಳು ಫೆಲಿಂಗ್‌ಳ ಕೆನ್ನೆಯೊಳಗೆ. ಫಲಿತಾಂಶದ ಕಾಗದದಲ್ಲಿ ಶೇಕಡಾ ತೊಂಬತ್ತೊಂಬತ್ತರ ಮುಂದೆ ಚುಕ್ಕಿ ಇಟ್ಟು ಮತ್ತೆ ನಾಲ್ಕು ಒಂಬತ್ತು. ಅಮ್ಮ ಕನ್ನಡಕ ಹಾಕಿಕೊಂಡು ಒಂಬತ್ತುಗಳನ್ನು ಎಣಿಸಿದಳು.

"ಇನ್ನುಳಿದಿದ್ದು ಎಲ್ಲಿ ಹೋಯ್ತು?" ಅಂದಳು.

"ಅಷ್ಟು ಯಾವಾಗ್ಲೂ ಬಿಡ್ತಾರಂತೆ ಅಜ್ಜಿ."

"ಜಿಪುಣರು."

ಸೆಪ್ಟೆಂಬರಿನಲ್ಲಿ ಒಪ್ಪಿಗೆ ಬಂತು. ಅಂದು ನಮ್ಮ ಮನೆಯಲ್ಲಿ ಯಾರೂ ಕುಣಿಯಲಿಲ್ಲ. ರೋವೆನಾ ನೆಲದ ಮೇಲೆ ಕಾಲು ಚಾಚಿ ಕೂತು, ಅಬ್ಬ, ಅಬ್ಬ ಎಂದು ಹತ್ತು ಸಲ ಅಂದಳು. ನನಗೂ ಎದೆಯ ಮೇಲಿಂದ ಅಕ್ಕಿ ಮೂಟೆ ಇಳಿಸಿದಂತಾಯಿತು. ಅಲಿಸಾ ಪೋಸ್ಟರುಗಳನ್ನು ತೆಗೆದು ತನ್ನ ಮೇಜನ್ನು ಮೆಟ್ಟಿಲ ಕೆಳಗೆ ಹಾಕಿಕೊಂಡಳು. ಅಮ್ಮ ಅಡುಗೆಮನೆಯ ಒಂದು ಕಪಾಟು ಖಾಲಿ ಮಾಡಿದಳು. ಚಿಕ್ಕ ಕಪಾಟು, ಆದರೂ ಮಾಡಿದಳು.

ಫೆಲಿಂಗ್ ಅಕ್ಟೋಬರಿನ ಒಂದು ಮಂಗಳವಾರ ಬಂದಳು. ಮನಿಲಾದಿಂದ ವ್ಯಾಂಕೂವರ್, ಅಲ್ಲಿ ಕಾಗದಗಳ ತಪಾಸಣೆ, ಅಲ್ಲಿಂದ ವಿನಿಪೆಗ್. ದಪ್ಪ ಕೋಟು ಹಿಡಿದು ನಾವು ನಾಲ್ವರೂ ಕಾಯುತ್ತಿದ್ದೆವು. ಎಲ್ಲರಿಗಿಂತ ಕೊನೆಗೆ ಅವಳು ಹೊರಗೆ ಬಂದಳು. ಪಕ್ಕದಲ್ಲಿ ಅವಳ ಚೀಲ ಹಿಡಿದುಕೊಂಡು, ಅವಳಿಗಿಂತ ಎರಡು ಅಡಿ ಎತ್ತರದ ಬಿಳಿಕೂದಲ ಹೆಂಗಸೊಬ್ಬಳು. ಯಾರೋ ಸಹಪ್ರಯಾಣಿಕಳು.

ಆ ಹೆಂಗಸು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ನಿಮ್ಮಲ್ಲಿ ಮಗಳು ಯಾರು?" ಎಂದು ಕೇಳಿದಳು. "ಎರಡೂವರೆ ಗಂಟೆಯಿಂದ ಮಗಳು ಮಗಳು ಅಂತ ಹೇಳ್ತಿದ್ದಾರೆ ಈಯಮ್ಮ."

ರೋವೆನಾ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದಳು. ಕೋಟು ನೆಲಕ್ಕೆ ಬಿತ್ತು. ಅದನ್ನು ಎತ್ತುವ ಪುರುಸೊತ್ತು ಅವರಿಬ್ಬರಿಗೂ ಇರಲಿಲ್ಲ, ನಾನೇ ಎತ್ತಿದೆ.

ಕಾರಿನಲ್ಲಿ ಮೂವರು ಹೆಂಗಸರೂ ಹಿಂದೆ ಕೂತರು, ಅಲಿಸಾ ನನ್ನ ಪಕ್ಕ. ಅಮ್ಮ ಬೀಗಿತ್ತಿಯ ಕಾಲ ಮೇಲೆ ಕಂಬಳಿ ಹಾಸಿದಳು. ತಪಾಸಣೆಯಲ್ಲಿ ತೊಂದರೆ ಆಯಿತೇ ಎಂದು ಕೇಳಿದಳು.

"ವಿಮಾನದಲ್ಲಿ ಹನ್ನೊಂದು ಗಂಟೆ ಅದನ್ನೇ ಅಭ್ಯಾಸ ಮಾಡ್ದೆ" ಅಂದಳು ಫೆಲಿಂಗ್. "ಯಾರ ಹತ್ರ ಹೋಗ್ತಿದ್ದೀರಿ ಅಂತ ಕೇಳ್ತಾರೆ ಅಂತ ಲುಮಿಂಗ್ ಹೇಳಿದ್ಲು. ನನ್ನ ಸರದಿ ಬಂತು. ಚಿಕ್ಕ ಹುಡುಗ, ಟೋಪಿ ಹಾಕಿದ್ದ. ಕೇಳ್ದ. ಹೇಳ್ದೆ. ಅವನು ತಲೆ ಎತ್ತಿ ನೋಡ್ಲೂ ಇಲ್ಲ. ಟಪ್ ಅಂತ ಮುದ್ರೆ ಒತ್ತಿ ಮುಂದೆ ಹೋಗಿ ಅಂದ."

"ಅಷ್ಟೇನಾ?" ಅಂದಳು ಅಮ್ಮ.

"ನನಗೂ ಹಾಗೇ ಅನ್ನಿಸ್ತು. ನಲವತ್ತೆಂಟು ವರ್ಷ ಹೆದರಿದ್ದಕ್ಕೆ ಇಷ್ಟೇನಾ ಅಂತ. ಅವನಿಗೆ ಕೇಳಿಸ್ಲಿಲ್ವೇನೋ ಅಂತ ಇನ್ನೊಂದ್ಸಲ ಹೇಳ್ದೆ. ಗೊತ್ತಾಯ್ತು ಅಜ್ಜಿ, ಮುಂದೆ ಹೋಗಿ ಅಂದ. ಆಮೇಲೆ ಸಾಮಾನು ನೋಡೋನಿಗೂ ಹೇಳ್ದೆ. ಅವನು ಕೇಳಿರ್ಲೇ ಇಲ್ಲ. ಆ ಉದ್ದನೆಯಮ್ಮಂಗೂ ಹೇಳ್ದೆ."

ಕನ್ನಡಿಯಲ್ಲಿ ನನಗೆ ರೋವೆನಾ ಕಾಣುತ್ತಿದ್ದಳು. ಫೆಲಿಂಗ್‌ಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಏನಂತ ಹೇಳ್ದೆ?" ಅಂದಳು.

"ಮಗಳ ಹತ್ರ ಹೋಗ್ತಿದ್ದೀನಿ ಅಂತ."

ಸಿಗ್ನಲ್ ದೀಪ ಹಸಿರಾಯಿತು. ನಾನು ಕಾರು ಹೊರಡಿಸಲಿಲ್ಲ. ಹಿಂದಿನವನು ಹಾರ್ನು ಹೊಡೆದ.

"ಅಮ್ಮ" ಅಂದಳು ರೋವೆನಾ. "ಇನ್ನೊಂದ್ಸಲ ಹೇಳು."

ಫೆಲಿಂಗ್ ಹೇಳಿದಳು.